ಓದುವವರ ಮನೆ ಹುಳು ಕಾಯುವ ಪಿಳ್ಳಮ್ಮ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನರಿಕಲ್ಲಹಳ್ಳಿಯ ಲಕ್ಕಮ್ಮನ ಮನೆ ಹಿತ್ತಿಲಲ್ಲಿ ಪಿಳ್ಳಮ್ಮ ಕಾಲು ತೊಳೆಯುತ್ತಿದ್ದಾಳೆ. ಒಂದು ಸಲ ತೊಳೆದರೆ ಆಕೆಗೆ ಸಮಾಧಾನವಿಲ್ಲ. ಹಿಮ್ಮಡಿ, ಬೆರಳ ಸಂದು, ಮೊಣಕಾಲಿನವರೆಗೆ, ಮತ್ತೆ ಹಿಮ್ಮಡಿ. ಆಮೇಲೆ ಕೈ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಬಗ್ಗಿಸಿ, ಹುಳು ಸಾಕುವ ಕೋಣೆಯ ಕುಳ್ಳ ಬಾಗಿಲು ದಾಟುತ್ತಾಳೆ. ಒಳಗೆ ಬೆಚ್ಚನೆಯ ಕತ್ತಲು. ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಅವುಗಳ ತುಂಬ ರೇಷ್ಮೆ ಹುಳುಗಳು ತಲೆಯೆತ್ತಿಕೊಂಡು ಸೊಪ್ಪಿಗೆ ಕಾದಿವೆ.

“ಬಂದೆ, ಬಂದೆ, ಅಷ್ಟ್ಯಾಕೆ ಅವಸರ?” ಎಂದು ಹುಳುಗಳನ್ನೇ ಗದರಿಸುತ್ತ ಹಿಪ್ಪುನೇರಳೆ ಸೊಪ್ಪನ್ನು ತಟ್ಟೆಗಳ ಮೇಲೆ ಉದುರಿಸುತ್ತಾಳೆ. ಬಾಗಿಲಲ್ಲೇ ನಿಂತಿರುವ ಲಕ್ಕಮ್ಮನ ಮೇಲೆ ಕಣ್ಣು ಬೀಳುತ್ತದೆ. “ನೀನ್ಯಾಕಮ್ಮ ಇಲ್ಲಿ ಗರುಡಗಂಬದಂಗೆ ನಿಂತಿದೀಯ? ಸ್ಲೇಟು ಎತ್ಕೊಂಡು ನಡಿ. ಮೇಷ್ಟ್ರು ಊರಲ್ಲಿ ಇಲ್ದಿದ್ರೂ ನಿನ್ ಜೊತೆ ಓದೋ ಭಾಗ್ಯಮ್ಮನೇ ಪಾಠ ಓದಿಸ್ತಾಳಂತೆ. ನಿನ್ನ ಹುಳ ನಾನು ನೋಡ್ಕೋತೀನಿ, ನಿನ್ನ ಅಕ್ಷರ ನೀನು ನೋಡ್ಕೋ ಹೋಗು.”

ಮೂರು ಮಕ್ಕಳ ತಾಯಿ ಲಕ್ಕಮ್ಮ, ಬೈಸಿಕೊಂಡ ಹುಡುಗಿಯ ಹಾಗೆ ನಗುತ್ತ ಸ್ಲೇಟು ಹಿಡಿದು ಓಡುತ್ತಾಳೆ. ಹುಳುಗಳು ಸೊಪ್ಪಿಗೆ ಬಾಯಿ ಹಾಕುತ್ತವೆ. ಸ್ವಲ್ಪ ಹೊತ್ತಿಗೆ ಕೋಣೆಯ ತುಂಬ ಸಣ್ಣ ಮಳೆ ಹನಿಯುವಂಥ ಸದ್ದು. ಪಿಳ್ಳಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಾಳೆ. “ಈ ಸದ್ದು ಒಂದಿದ್ರೆ ನನ್ಗೆ ಹಾಡೂ ಬೇಡ, ಹಸೆಯೂ ಬೇಡ,” ಅನ್ನುತ್ತಾಳೆ.

ದೇವನಹಳ್ಳಿ ತಾಲ್ಲೂಕಿನ ಈ ಸಣ್ಣ ಊರಿನಲ್ಲಿ ದೊಡ್ಡವರಿಗೆಂದೇ ಒಂದು ಶಾಲೆಯಿದೆ. ಅದರ ದಾಖಲೆಯಲ್ಲಿ ಪಿಳ್ಳಮ್ಮನ ಹೆಸರಿನ ಮುಂದೆ ಬರೆದಿರುವುದು ‘ಕಸ ಗುಡಿಸುವವಳು’ ಎಂದು. ಸುಳ್ಳಲ್ಲ, ಕಸವನ್ನೂ ಗುಡಿಸುತ್ತಾಳೆ. ಆದರೆ ಅದಕ್ಕೆ ಹಿಡಿಯುವುದು ಅರ್ಧ ಗಳಿಗೆ. ಉಳಿದ ಹೊತ್ತೆಲ್ಲ ಆಕೆಯ ಕೆಲಸ ಒಂದೇ: ಓದಲು ಬರುವವರ ಮನೆಯಲ್ಲಿ, ಅವರು ಓದಿ ಬರುವ ತನಕ, ಅವರ ಹುಳುವಿಗೆ ಸೊಪ್ಪು ಹಾಕುವುದು. ಈ ಕೆಲಸವನ್ನು ಯಾವ ಸರ್ಕಾರಿ ಕಾಗದವೂ ಹೇಳಿಲ್ಲ, ಯಾವ ಅಧಿಕಾರಿಯೂ ಕೇಳಿಲ್ಲ. ಆಕೆಯೇ ತಲೆಗೆ ಕಟ್ಟಿಕೊಂಡದ್ದು.

ಇವತ್ತು ಮಾತ್ರ ಸೊಪ್ಪು ಉದುರಿಸುವ ನಡುನಡುವೆ ಬಾಗಿಲಿಗೆ ಬಂದು ದಾರಿ ನೋಡುತ್ತಾಳೆ. ಮೇಷ್ಟ್ರು ಆದಿನಾರಾಯಣಪ್ಪನವರು ನಿನ್ನೆಯೇ ದೇವನಹಳ್ಳಿಗೆ ಹೋಗಿದ್ದಾರೆ, ಪರೀಕ್ಷೆಯ ಫಲಿತಾಂಶ ತರಲು. ಇಪ್ಪತ್ತಮೂರು ಮಂದಿ ಪರೀಕ್ಷೆಗೆ ಕೂತಿದ್ದಾರೆ. ಅವರಲ್ಲಿ ಇಪ್ಪತ್ತು ಮಂದಿ ತೇರ್ಗಡೆಯಾಗಲೇಬೇಕು. ಹತ್ತೊಂಬತ್ತಾದರೂ ಶಾಲೆ ನರಿಕಲ್ಲಹಳ್ಳಿಗಿಲ್ಲ. ಬೋರ್ಡು, ಸ್ಲೇಟು, ಮೇಷ್ಟ್ರು, ಎಲ್ಲವೂ ಬೇರೆ ಊರಿನ ಪಾಲು. ಹಾಗೆಂದು ತಾಲ್ಲೂಕಿನ ಸಾಕ್ಷರತಾ ಸಮಿತಿಯವರು ಹೋದ ವರ್ಷವೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಹೋಗಿದ್ದಾರೆ. ಹೋದ ವರ್ಷ ತೇರ್ಗಡೆಯಾದವರು ಬರೇ ಹನ್ನೊಂದು ಮಂದಿ.

“ಇಪ್ಪತ್ತು ಅಂದ್ರೆ ನನ್ ಕೈಬೆರಳು ಕಾಲ್ಬೆರಳು ಎಲ್ಲಾ ಸೇರ್ಸಿ,” ಎನ್ನುತ್ತಾಳೆ ಪಿಳ್ಳಮ್ಮ. “ಒಂದು ಬೆರಳು ಕಮ್ಮಿ ಆದ್ರೂ ಆಗಾಕಿಲ್ಲ ಅಂತವ್ರೆ.”

ಈಗ ಆಕೆಗೆ ಐವತ್ತೆರಡೋ ಐವತ್ತನಾಲ್ಕೋ. ತವರು ಮಾಕಳಿದುರ್ಗದ ಬುಡ. ಬೆಟ್ಟದ ಕೋಟೆಗೋಡೆಯ ನೆರಳಿನಲ್ಲಿ ಮೇಕೆ ಮೇಯಿಸಿಕೊಂಡು ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದಾಗ ಗಂಡನಿಗೆ ಬಾವಿಯ ಪಕ್ಕ ಅರ್ಧ ಎಕರೆ ಹಿಪ್ಪುನೇರಳೆ ತೋಟವಿತ್ತು. ಹುಳು ಸಾಕುವುದನ್ನು ಕಲಿಸಿದವಳು ಅತ್ತೆ. “ನಮ್ಮತ್ತೆ ಹುಳದ ಕೋಣೆಗೆ ಹೋಗ್ಬೇಕಾದ್ರೆ ಮಾತಾಡ್ತಿರ್ಲಿಲ್ಲ. ಬೆಳೆ ಚೆನ್ನಾಗೈತೆ ಅಂತ ಅಪ್ಪಿತಪ್ಪಿ ಯಾರಾದ್ರೂ ಬಾಯ್ಬಿಟ್ರೋ, ಅವತ್ತೆಲ್ಲಾ ಅವ್ರಿಗೆ ಬೈಗುಳ. ಹೊರಗ್ನೋರು ಹೊಸ್ಲು ದಾಟಂಗಿಲ್ಲ. ಮಗಳ ಬಾಣಂತಿ ಕೋಣೆನಾದ್ರೂ ತೋರ್ಸೋಳು, ಹುಳದ ಕೋಣೆ ತೋರ್ಸ್ತಿರ್ಲಿಲ್ಲ,” ಎಂದು ಆ ಅತ್ತೆಯನ್ನು ನೆನೆದು ಪಿಳ್ಳಮ್ಮ ಈಗಲೂ ಸೆರಗು ಬಾಯಿಗೆ ಒತ್ತಿ ನಗುತ್ತಾಳೆ. ಅತ್ತೆ ಹೋದಳು. ಹದಿಮೂರು ವರ್ಷದ ಹಿಂದೆ ಚಳಿಜ್ವರ ಬಂದು ಗಂಡನೂ ಹೋದ. ತೋಟ ಗಂಡನ ಅಣ್ಣತಮ್ಮಂದಿರ ಪಾಲಾಯಿತು. ಉಳಿದದ್ದು ಒಂದು ಗುಡಿಸಲು ಮತ್ತು ಹುಳುವಿನ ಮೇಲಿನ ಆಸೆ.

ಶಾಲೆ ಶುರುವಾದದ್ದು ನಾಲ್ಕು ವರ್ಷದ ಹಿಂದೆ, ದಸರೆ ಮುಗಿದ ಮೇಲೆ. ಆಗ ಕಟ್ಟಡವಿರಲಿಲ್ಲ. ನಲ್ಲೂರಿನ ತೋಪಿನಿಂದ ಸಸಿ ತಂದು ನೆಟ್ಟದ್ದೆಂದು ಊರವರು ಹೇಳಿಕೊಳ್ಳುವ ಹಳೆಯ ಹುಣಸೆಮರವೊಂದು ಊರ ಮುಂದಿದೆ. ಅದರ ಕೆಳಗೆ ಬೋರ್ಡು ನಿಲ್ಲಿಸಿ ಆದಿನಾರಾಯಣಪ್ಪನವರು ಪಾಠ ಶುರು ಮಾಡಿದರು. ಮೊದಲ ದಿನ ಬಂದವರು ಐದು ಮಂದಿ ಗಂಡಸರು, ಎರಡು ಎಮ್ಮೆ. ಹೆಂಗಸರು ಬಾವಿಕಟ್ಟೆಯಿಂದಲೇ ನೋಡಿ ಕಿಸಕ್ಕೆಂದರು. ಅಜ್ಜಂದಿರು ‘ಅ’ ಬರೆಯಲು ನಾಲಿಗೆ ಹೊರಚಾಚಿ ಒದ್ದಾಡುವುದನ್ನು ನೋಡಿ ಮಕ್ಕಳೆಲ್ಲ ಉರುಳಾಡಿ ನಕ್ಕವು. ಮೇಲಿನಿಂದ ಹುಣಸೆಕಾಯಿ ಬಿದ್ದರೆ ಪಾಠ ನಿಲ್ಲಿಸಿ ಎಲ್ಲರೂ ಅದನ್ನು ಉಪ್ಪು ಹಚ್ಚಿ ಚಪ್ಪರಿಸಿದ ಮೇಲೇ ಮುಂದಿನ ಅಕ್ಷರ.

“ಅಯ್ಯೋ, ಏನು ಚೆಂದಾಗಿತ್ತು ಆ ಕಾಲ!” ಎಂದು ಪಿಳ್ಳಮ್ಮ ಕೆನ್ನೆಗೆ ಕೈಯಿಡುತ್ತಾಳೆ. “ಯಾರ ಮನಸ್ನಲ್ಲೂ ಏನೂ ಇರ್ಲಿಲ್ಲ. ಪಾಸು ಗೊತ್ತಿರ್ಲಿಲ್ಲ, ಫೇಲು ಗೊತ್ತಿರ್ಲಿಲ್ಲ. ಮರದ ಕೆಳಗೆ ತಣ್ಣಗೆ ಕೂತು ಕಲೀತಿದ್ರು.”

ಮೇಷ್ಟ್ರ ಮನಸ್ಸಿನಲ್ಲಿ ಮಾತ್ರ ಒಂದಿತ್ತು. ಯುದ್ಧ ಶುರುವಾಗಿ ಈ ಸೀಮೆಯ ಹುಡುಗರು ಸೈನ್ಯಕ್ಕೆ ಸೇರಿದ್ದರು. ಅವರ ಕಾಗದ ಬಂದರೆ ಓದಿಸಲು ತಾಯಂದಿರು, ಹೆಂಡಿರು ಮೂರು ಮೈಲಿ ನಡೆದು ಯಾರದೋ ಮನೆ ಜಗಲಿಯಲ್ಲಿ ಕಾಯಬೇಕಿತ್ತು. ತಮ್ಮ ಕಾಗದವನ್ನು ತಾವೇ ಓದಿಕೊಳ್ಳಬೇಕು, ಅದಕ್ಕೆ ಉತ್ತರವನ್ನು ತಾವೇ ಬರೆಯಬೇಕು, ಯಾರ ಮುಂದೆಯೂ ಹೆಬ್ಬೆಟ್ಟು ಚಾಚಬಾರದು: ಶಾಲೆಯ ಗುರಿ ಇಷ್ಟೇ ಎಂದು ಅವರು ಬೋರ್ಡಿನ ಮೇಲೆ ಬರೆದು, ಓದಲು ಬಾರದವರಿಗೆ ಓದಿ ಹೇಳಿದರು. ಊರಿನ ಐದು ಮಂದಿಯ ಒಂದು ಪಂಚಾಯಿತಿ ಮಾಡಿ, ಹಳೆಯ ಚಾವಡಿಯನ್ನು ಬಿಡಿಸಿಕೊಂಡರು. ಮಧ್ಯಾಹ್ನ ಗಂಡಸರಿಗೆ, ಬೆಳಗ್ಗೆ ಹೆಂಗಸರಿಗೆ. ರಾತ್ರಿ ಪಾಠ ಮಾಡೋಣವೆಂದರೆ ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಎಲ್ಲಿ?

ಬೆಳಗಿನ ಪಾಠವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಹುಳುವಿಗೆ ದಿನದ ಮೊದಲ ಸೊಪ್ಪು ಬೀಳಬೇಕಾದದ್ದೂ ಅದೇ ಹೊತ್ತಿಗೆ. ಹೆಸರು ಬರೆಸಿದ ಹೆಂಗಸರು ಎರಡು ದಿನ ಬಂದರು, ಮೂರನೆಯ ದಿನ ಇಲ್ಲ. ಮೇಷ್ಟ್ರು ಖಾಲಿ ಚಾವಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಪೊರಕೆ ಹಿಡಿದು ನಿಂತಿದ್ದ ಪಿಳ್ಳಮ್ಮ ಕೇಳಿದಳಂತೆ: “ಸ್ವಾಮಿ, ಅವ್ರ ಹುಳಕ್ಕೆ ನಾನು ಸೊಪ್ಪು ಹಾಕಿದ್ರೆ ಅವ್ರು ಬರ್ತಾರಾ?”

ಕೇಳುವುದು ಸುಲಭ. ಹುಳುವಿನ ಕೋಣೆಗೆ ಹೊರಗಿನವಳನ್ನು ಬಿಡುವ ಮನೆ ಯಾವುದು? ಪಿಳ್ಳಮ್ಮ ಮನೆಮನೆಯ ಜಗಲಿಯಲ್ಲಿ ಕೂತಳು. ಬೈಸಿಕೊಂಡಳು. ಮತ್ತೆ ಹೋದಳು. ಆಕೆಯ ಅತ್ತೆಯ ಕೈಗುಣ ಊರಿಗೆಲ್ಲ ಗೊತ್ತಿತ್ತು. ಅದೇ ಕೈ ಸೊಸೆಗೂ ಬಂದಿದೆ ಎಂದು ಮೊದಲು ಬಾಗಿಲು ತೆರೆದವಳು ಅಂಜಿನಮ್ಮ. ಅಂಜಿನಮ್ಮನ ಮಗ ಗೋಪಾಲಪ್ಪ ಬರ್ಮಾ ಗಡಿಯಲ್ಲಿದ್ದ, ಸೊಸೆ ಭಾಗ್ಯಮ್ಮನಿಗೆ ಓದುವ ಹಂಬಲ. “ನಮ್ ಪಿಳ್ಳಕ್ಕ ಹೊರಗ್ನೋಳಾ?” ಎಂದು ಅಂಜಿನಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ ಮೇಲೆ ಒಂದೊಂದೇ ಬಾಗಿಲು ತೆರೆದು ಲೆಕ್ಕ ಹದಿನೇಳಕ್ಕೆ ಬಂತು.

ಹದಿನೇಳು ಮನೆಗೆ ಒಬ್ಬಳೇ ಸೊಪ್ಪು ಹಾಕುವುದುಂಟೇ? ಅಲ್ಲೇ ಇರುವುದು ಪಿಳ್ಳಮ್ಮನ ಜಾಣತನ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ, ಒಂದೂವರೆ ದಿನ ಸೊಪ್ಪು ಮುಟ್ಟದೆ ನಿದ್ದೆ ಹೋದ ಹಾಗೆ ಕೂರುತ್ತದೆ. ಇಲ್ಲಿಯವರು ಅದನ್ನು ಜ್ವರ ಎನ್ನುತ್ತಾರೆ. ಯಾವ ಮನೆಯ ಹುಳು ಜ್ವರಕ್ಕೆ ಕೂತಿದೆಯೋ ಆ ಮನೆಯವರಿಗೆ ಅವತ್ತು ಬಿಡುವು, ಅವರು ತಾವಾಗಿ ಪಾಠಕ್ಕೆ ಬರಬಹುದು. ಉಳಿದವರಲ್ಲಿ ದಿನಕ್ಕೆ ಮೂರು ನಾಲ್ಕು ಮನೆಯನ್ನು ಪಿಳ್ಳಮ್ಮ ಸರದಿಯ ಮೇಲೆ ನೋಡಿಕೊಂಡರೆ ಸಾಕು. ಹೀಗೆಂದು ಆಕೆ ಚಾವಡಿಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಹದಿನೇಳು ಗೆರೆ ಎಳೆದಳು. ಒಂದು ಮನೆಗೆ ಒಂದು ಗೆರೆ. ಮೊದಲ ಜ್ವರಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು. ದಿನವೂ ಮೇಷ್ಟ್ರು ಅದನ್ನು ನೋಡಿ ಯಾರಿಗೆ ಯಾವ ಪಾಠ ಎಂದು ಗೊತ್ತು ಮಾಡುತ್ತಾರೆ. ಒಂದು ಸಲ ಇನ್‌ಸ್ಪೆಕ್ಟರರು ಬಂದು, “ಗೋಡೆ ಹಾಳು ಮಾಡಿದವರು ಯಾರ್ರೀ?” ಎಂದು ಗುಡುಗಿದರಂತೆ. “ಸ್ವಾಮಿ, ಅದು ನಮ್ಮ ವೇಳಾಪಟ್ಟಿ,” ಎಂದು ಮೇಷ್ಟ್ರು ತಣ್ಣಗೆ ಹೇಳಿದರಂತೆ. ಇನ್‌ಸ್ಪೆಕ್ಟರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಚುಕ್ಕಿ ಎಣಿಸತೊಡಗಿದರು.

ಹೀಗೆ ಎಲ್ಲವೂ ಹದಕ್ಕೆ ಬರುತ್ತಿದ್ದಾಗ ಹೋದ ಕಾರ್ತಿಕ ಮಾಸ ಬಂತು. ಅದನ್ನು ಹೇಳುವಾಗ ಪಿಳ್ಳಮ್ಮ ಎದುರಿಗಿರುವವರ ಮುಖ ನೋಡುವುದಿಲ್ಲ. ನೆಲ ನೋಡುತ್ತಾಳೆ.

ಅವತ್ತು ಬೆಳಗ್ಗೆ ಅರ್ಧವರ್ಷದ ಪರೀಕ್ಷೆಯಿತ್ತು. ಅಂಜಿನಮ್ಮ ನೆಂಟರ ಊರಿಗೆ ಹೋಗಿದ್ದಳು. ಅವರ ಮನೆಯ ಹುಳು ನಾಲ್ಕನೆಯ ಜ್ವರ ಮುಗಿಸಿ ಎದ್ದಿತ್ತು. ಆ ವಯಸ್ಸಿನ ಹುಳುವಿಗೆ ಎಷ್ಟು ಹಾಕಿದರೂ ಸಾಲದು. ಹಿಂದಿನ ಸಂಜೆ ಕೊಯ್ದು ತಂದಿದ್ದ ಸೊಪ್ಪು ಬೆಳಗಾಗುವ ಮುಂಚೆಯೇ ಮುಗಿದಿತ್ತು. “ನೀನು ಪರೀಕ್ಷೆಗೆ ನಡಿ, ನಾನು ಕೊಯ್ಕೊಂಡ್ಬಂದು ಹಾಕ್ತೀನಿ,” ಎಂದು ಭಾಗ್ಯಮ್ಮನನ್ನು ಕಳಿಸಿ ಪಿಳ್ಳಮ್ಮ ತೋಟಕ್ಕೆ ಹೋದಳು. ಗಿಡಗಳೆಲ್ಲ ಇಬ್ಬನಿಯಲ್ಲಿ ತೊಯ್ದು ನಿಂತಿದ್ದವು. ಒದ್ದೆ ಸೊಪ್ಪು ಹುಳುವಿಗೆ ಆಗದು ಎಂದು ಈ ಊರಿನ ಎಳೆಮಕ್ಕಳಿಗೂ ಗೊತ್ತು. ಬಿಸಿಲು ಬಿದ್ದು ಆರಬೇಕು, ಆಮೇಲೆ ಕೊಯ್ಯಬೇಕು.

“ಕಾಯ್ಬೇಕಿತ್ತು ನಾನು,” ಎನ್ನುತ್ತಾಳೆ ಪಿಳ್ಳಮ್ಮ. “ಹುಳ ತಲೆ ಎತ್ತಿ ಎತ್ತಿ ಹುಡುಕ್ತಾ ಇದ್ವು. ಹಸ್ಕೊಂಡಿರೋ ಮಗೀನ ನೋಡ್ದಂಗಾಯ್ತು. ಸೀರೇಲಿ ಒರೆಸ್ದೆ, ಒರೆಸ್ದೆ, ಸಾಕು ಅಂತ ಹಾಕ್ಬಿಟ್ಟೆ. ಮೂವತ್ತು ವರ್ಷ ಹುಳ ಸಾಕಿದ ಕೈ ಕಣಪ್ಪಾ ಇದು. ಇದೇ ಕೈ ಹಾಕ್ತು.”

ಮೂರನೆಯ ದಿನಕ್ಕೆ ಹುಳು ಸೊಪ್ಪು ಬಿಟ್ಟವು. ನಾಲ್ಕನೆಯ ದಿನ ಮೆತ್ತಗಾಗಿ ಕಪ್ಪಿಟ್ಟವು. ಐದನೆಯ ದಿನ ಅಂಜಿನಮ್ಮ ತಟ್ಟೆ ತಟ್ಟೆಯನ್ನೇ ಹೊತ್ತು ತಂದು ತಿಪ್ಪೆಗೆ ಸುರಿದು, ಎದೆ ಬಡಿದುಕೊಂಡು ಅತ್ತಳು. ಮಾಘದಲ್ಲಿ ಇಟ್ಟುಕೊಂಡಿದ್ದ ಮಗಳ ಮದುವೆ ಮುಂದಕ್ಕೆ ಹೋಯಿತು.

ಊರಿಗೆ ಊರೇ ಅರಳಿಕಟ್ಟೆಯಲ್ಲಿ ಸೇರಿತು. ಒದ್ದೆ ಸೊಪ್ಪಿನ ಸಂಗತಿ ಪಿಳ್ಳಮ್ಮನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ದೇವರ ಮುನಿಸು ಎಂದರು. ಊರ ಹಿರಿಯ ಗೌಡರಾದ ವೆಂಕಟರಾಯಪ್ಪನವರು ಮಾತ್ರ ಸೀದಾ ಶಾಲೆಯ ಮೇಲೆ ಗೂಬೆ ಕೂರಿಸಿದರು. “ಹೆಂಗಸ್ರು ಪುಸ್ತಕ ಹಿಡ್ದ ಕೈಲಿ ತಟ್ಟೆ ಮುಟ್ಟಿದ್ರೆ ಇನ್ನೇನಾಗ್ತದೆ? ಇವತ್ತು ಈ ಮನೆ, ನಾಳೆ ನಮ್ ಮನೆ. ಮೊದ್ಲು ಆ ಚಾವಡಿಗೆ ಬೀಗ ಹಾಕ್ರಪ್ಪಾ,” ಎಂದರು. ಹೌದು ಹೌದು ಎಂದು ಹತ್ತು ತಲೆ ಅಲ್ಲಾಡಿದವು. ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಭಾಗ್ಯಮ್ಮ ಮರದ ಮರೆಯಲ್ಲಿ ಬಿಕ್ಕುತ್ತಿದ್ದಳು.

ಪಿಳ್ಳಮ್ಮ ಸುಮ್ಮನಿದ್ದಿದ್ದರೆ ಆಕೆಯ ತಂಟೆಗೆ ಯಾರೂ ಬರುತ್ತಿರಲಿಲ್ಲ. ಹೆಚ್ಚೆಂದರೆ ಶಾಲೆ ಹೋಗುತ್ತಿತ್ತು. ಆಕೆ ಹೆಂಗಸರ ಗುಂಪಿನಿಂದ ಎದ್ದು ಕಟ್ಟೆಯ ಮುಂದೆ ಬಂದು ನಿಂತಳು.

“ಗೌಡ್ರೆ, ಪುಸ್ತಕದ್ದೇನೂ ತಪ್ಪಿಲ್ಲ. ಆ ಹೆಣ್ಮಗೂದೂ ತಪ್ಪಿಲ್ಲ. ಇಬ್ಬನಿ ಸೊಪ್ಪು ಹಾಕ್ದೋಳು ನಾನು. ಬೈಯೋದಿದ್ರೆ ನನ್ನ ಬೈರಿ, ಹೊಡೆಯೋದಿದ್ರೆ ನನ್ನ ಹೊಡೀರಿ. ಶಾಲೆ ಮುಟ್ಬೇಡ್ರಿ.”

ವೆಂಕಟರಾಯಪ್ಪನವರಿಗೆ ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊದಲು ಮಾತಾಡಿದವಳು ಅಂಜಿನಮ್ಮ. “ಪಿಳ್ಳಕ್ಕ, ನಂಬಿ ಬಾಗ್ಲು ತೆಗ್ದೋಳು ನಾನು. ಇನ್ಮೇಲೆ ನನ್ ಮನೆ ಹೊಸ್ಲು ತುಳೀಬೇಡ,” ಎಂದು ತಿರುಗಿ ನೋಡದೆ ಹೋದಳು. ಸಂಜೆಯಾಗುವಷ್ಟರಲ್ಲಿ ಉಳಿದ ಹದಿನಾರು ಬಾಗಿಲುಗಳೂ ಮುಚ್ಚಿದವು. ಶಾಲೆ ಉಳಿಯಿತು ನಿಜ, ಆದರೆ ಅದಕ್ಕೆ ಬರುವವರು ಯಾರು?

ಬೇರೆ ಯಾರಾದರೂ ಆಗಿದ್ದರೆ ತವರು ಸೇರುತ್ತಿದ್ದರು. ಪಿಳ್ಳಮ್ಮ ಮರುದಿನ ಬೆಳಗ್ಗೆ ಲಕ್ಕಮ್ಮನ ಅಂಗಳದಲ್ಲಿ ನಿಂತಿದ್ದಳು. “ಹುಳದ ಕೋಣೆಗೆ ಬಿಡ್ಬೇಡ ಕಣಮ್ಮ. ನೀನೇ ಸೊಪ್ಪು ಹಾಕು. ನಿನ್ ನೀರು ನಾನು ತರ್ತೀನಿ, ರಾಗಿ ನಾನು ಬೀಸ್ತೀನಿ, ಕೊಟ್ಟಿಗೆ ನಾನು ಬಾಚ್ತೀನಿ. ನೀನು ಪಾಠಕ್ಕೆ ಹೋಗ್ಬಾ.” ಹೀಗೆ ಮನೆಮನೆಗೂ. ಬೆಳಗಿನ ನಾಲ್ಕಕ್ಕೆ ಎದ್ದು ಐದು ಮನೆಯ ನೀರು, ಎರಡು ಮನೆಯ ರಾಗಿ, ಮೂರು ಕೊಟ್ಟಿಗೆ. ಬೀಸುಕಲ್ಲು ತಿರುಗಿಸಿ ಅಂಗೈಯಲ್ಲಿ ಎದ್ದ ಬೊಕ್ಕೆಗಳ ಕಲೆ ಇನ್ನೂ ಇದೆ. ಹುಳು ಎಷ್ಟನೆಯ ಜ್ವರ ಎಂದು ಅಂಗಳದಿಂದಲೇ ಕೂಗಿ ಕೇಳಿಕೊಂಡು ಹೋಗಿ ಗೋಡೆಯ ಮೇಲೆ ಚುಕ್ಕಿ ಇಡುವುದನ್ನು ಮಾತ್ರ ಬಿಡಲಿಲ್ಲ. ಆ ದಿನಗಳಲ್ಲಿ ಆಕೆಗೆ ಅಳು ಬರಿಸುತ್ತಿದ್ದುದು ದುಡಿಮೆಯಲ್ಲ. ಬಾಗಿಲ ಹೊರಗೆ ನಿಂತು ಒಳಗಿನ ಹುಳು ಸೊಪ್ಪು ಮೇಯುವ ಸದ್ದು ಕೇಳುವುದು.

ಸಂಕ್ರಾಂತಿಯ ಹೊತ್ತಿಗೆ ಊರಿನವರ ಮನಸ್ಸು ಕರಗಿತು. ಲಕ್ಕಮ್ಮನೇ ಮೊದಲು, “ಒಳಗೆ ಬಾರಕ್ಕ, ಚಳೀಲಿ ಎಷ್ಟೊತ್ತು ನಿಂತಿರ್ತೀಯ,” ಅಂದಳು. ಆಮೇಲೆ ಇನ್ನೊಂದು ಮನೆ, ಮತ್ತೊಂದು. ಹದಿನಾರು ಬಾಗಿಲು ತೆರೆದವು. ಹದಿನೇಳನೆಯದು ತೆರೆಯಲಿಲ್ಲ. ಅಂಜಿನಮ್ಮ ಬೀದಿಯಲ್ಲಿ ಎದುರಾದರೂ ಗೋಡೆಯ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದಳು.

ಆದರೆ ಅಷ್ಟರಲ್ಲಿ ಯಾರೂ ನೆನೆಸದ ಒಂದು ನಡೆದುಹೋಗಿತ್ತು. ತಟ್ಟೆಗಳು ಖಾಲಿಯಾದ ಮೇಲೆ ಅಂಜಿನಮ್ಮನಿಗೆ ಬೆಳಗ್ಗೆ ಕೆಲಸವಿಲ್ಲ. ಸೊಸೆ ಪಾಠದ ನೆಪದಲ್ಲಿ ಹರಟೆ ಹೊಡೆಯುತ್ತಾಳೋ ಏನೋ ನೋಡೋಣವೆಂದು ಒಂದು ದಿನ ಚಾವಡಿಗೆ ಬಂದು ಬಾಗಿಲಲ್ಲಿ ಕೂತಳು. ಮರುದಿನವೂ ಬಂದಳು. ಹತ್ತನೆಯ ದಿನ ಭಾಗ್ಯಮ್ಮ ಒಂದು ಒತ್ತಕ್ಷರದ ಮುಂದೆ ತಡವರಿಸಿದಾಗ ಬಾಗಿಲ ಕಡೆಯಿಂದ ಉತ್ತರ ಬಂತು. ಮೇಷ್ಟ್ರು ಒಂದು ಸ್ಲೇಟು ತಂದು ಅಂಜಿನಮ್ಮನ ಮಡಿಲಲ್ಲಿಟ್ಟರು.

“ನನ್ಗ್ಯಾಕ್ ಸ್ವಾಮಿ ಈ ವಯಸ್ನಲ್ಲಿ?” ಎಂದಳಂತೆ ಅಂಜಿನಮ್ಮ. ಸ್ಲೇಟನ್ನು ಮಾತ್ರ ಹಿಂದಿರುಗಿಸಲಿಲ್ಲ. ನಿಜವಾದ ಕಾರಣ ಆಮೇಲೆ ಹೊರಬಿತ್ತು. “ಮಗನ ಕಾಗದ ಇವ್ಳು ಓದ್ತಾಳೆ. ತನ್ಗೆ ಬೇಕಾದ್ದು ಓದಿ ನಗ್ತಾಳೆ, ನನ್ಗೆ ಬರ್ದಿರೋದು ಬಿಟ್ಬಿಡ್ತಾಳೋ ಏನೋ ಯಾರ್ ಕಂಡ್ರು?” ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಭಾಗ್ಯಮ್ಮ. ಹಾಜರಿ ಪುಸ್ತಕದ ಕೊನೆಯಲ್ಲಿ ಇಪ್ಪತ್ತಮೂರನೆಯ ಹೆಸರಾಗಿ ಅಂಜಿನಮ್ಮ ಸೇರಿದಳು. ಪಿಳ್ಳಮ್ಮ ಚಾವಡಿ ಗುಡಿಸುವಾಗ ಅಂಜಿನಮ್ಮ ಕೂರುವ ಜಾಗವನ್ನು ಎರಡು ಸಲ ಗುಡಿಸುತ್ತಿದ್ದಳು. ಮಾತು ಮಾತ್ರ ಇಲ್ಲ.

ಈ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಅದೇ ದಿನ ನಾಲ್ಕು ಮನೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ಹೆಣಿಗೆಯ ತಟ್ಟಿಗೆ ಬಿಡಬೇಕಾಗಿತ್ತು. ಒಂದು ಗಳಿಗೆ ತಡವಾದರೂ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಪಿಳ್ಳಮ್ಮ ಊರಿನ ಮುದುಕರನ್ನೆಲ್ಲ ಎಬ್ಬಿಸಿ, ವೆಂಕಟರಾಯಪ್ಪನವರನ್ನೂ ಬಿಡದೆ ಕರೆತಂದು ಹುಳು ಆರಿಸಲು ಕೂರಿಸಿದಳು. “ಗೌಡ್ರೆ, ಹಳದಿಗೆ ತಿರುಗಿರೋದು ಮಾತ್ರ ತೆಗೀರಿ, ಮೆಲ್ಲಗೆ ತೆಗೀರಿ,” ಎಂದು ಅವರಿಗೇ ಪಾಠ ಹೇಳಿದಳು. ಗೌಡರು ಗೊಣಗುತ್ತಲೇ ಆರಿಸಿದರು. ಒಂದು ಹುಳುವೂ ಕೆಡಲಿಲ್ಲ, ಇಪ್ಪತ್ತಮೂರು ಮಂದಿಯಲ್ಲಿ ಒಬ್ಬರೂ ಪರೀಕ್ಷೆ ತಪ್ಪಿಸಲಿಲ್ಲ.

ಈಗ ಯುಗಾದಿ ಕಳೆದು ನಾಲ್ಕು ದಿನ. ಮಧ್ಯಾಹ್ನದ ಬಿಸಿಲು. ಬೆಳಗಿನಿಂದ ಮೂರು ಮನೆಯ ಹುಳು ನೋಡಿ ಬಂದ ಪಿಳ್ಳಮ್ಮ ಚಾವಡಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮುದ್ದೆ ತಿಂದಿಲ್ಲ. ಇದ್ದಿಲು ಉರಿಸಿ ಓಡುವ ಬಸ್ಸು ದಾರಿಯಲ್ಲಿ ಎಲ್ಲಿ ಕೆಮ್ಮುತ್ತ ನಿಂತಿದೆಯೋ ಏನೋ, ಮೇಷ್ಟ್ರ ಸುಳಿವಿಲ್ಲ. ಚಾವಡಿಯ ಮುಂದೆ ಒಬ್ಬೊಬ್ಬರೇ ಬಂದು ಸೇರುತ್ತಾರೆ. ಲಕ್ಕಮ್ಮ, ಭಾಗ್ಯಮ್ಮ, ಮಧ್ಯಾಹ್ನದ ತರಗತಿಯ ಗಂಡಸರು. ದೂರದಲ್ಲಿ, ಬೀದಿಯ ಆ ಬದಿಯ ಬೇವಿನಮರದ ಕೆಳಗೆ ಅಂಜಿನಮ್ಮ ಒಬ್ಬಳೇ ನಿಂತಿದ್ದಾಳೆ.

ಕೊನೆಗೆ ಬದುವಿನ ಮೇಲೆ ಮೇಷ್ಟ್ರ ಕಪ್ಪು ಕೊಡೆ ಕಾಣುತ್ತದೆ. ಬಸ್ಸು ಕೆಟ್ಟು ಆರು ಮೈಲಿ ನಡೆದು ಬಂದಿದ್ದಾರೆ. ಅವರ ಮುಖ ನೋಡಿ ಏನೂ ತಿಳಿಯುವಂತಿಲ್ಲ, ಧೂಳೇ ಧೂಳು. ನೀರು ಕುಡಿಯಿರೆಂದರೂ ಕುಡಿಯದೆ ಜೇಬಿನಿಂದ ಕಾಗದ ತೆಗೆಯುತ್ತಾರೆ. ಹಾಜರಿಯ ಕ್ರಮದಲ್ಲೇ ಹೆಸರುಗಳು. ಪಿಳ್ಳಮ್ಮ ಮಡಿಲಲ್ಲಿ ಇಪ್ಪತ್ತು ಹುಣಸೆಬೀಜ ಹಾಕಿಕೊಂಡಿದ್ದಾಳೆ. ಒಂದು ಹೆಸರಿಗೆ ಒಂದು ಬೀಜ ನೆಲಕ್ಕೆ. ಲಕ್ಕಮ್ಮನ ಹೆಸರು ಬಂತು, ಒಂದು ಬೀಜ. ಭಾಗ್ಯಮ್ಮನದು ಬಂತು, ಇನ್ನೊಂದು. ನಡುವೆ ಮೂರು ಕಡೆ ಮೇಷ್ಟ್ರು ಹೆಸರು ದಾಟಿ ಮುಂದೆ ಹೋದರು, ಮೂರು ತಲೆ ಬಗ್ಗಿದವು. ಪಿಳ್ಳಮ್ಮನ ಮಡಿಲಲ್ಲಿ ಒಂದೇ ಒಂದು ಬೀಜ ಉಳಿದಿದೆ. ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿದೆ.

“ಅಂಜಿನಮ್ಮ,” ಎಂದು ಮೇಷ್ಟ್ರು ಓದುತ್ತಾರೆ. ಕಾಗದದಿಂದ ತಲೆಯೆತ್ತಿ, ಬೇವಿನಮರದ ಕಡೆ ನೋಡಿ ಹೇಳುತ್ತಾರೆ. “ತೇರ್ಗಡೆ.”

ಚಾವಡಿಯ ಮುಂದೆ ಏನು ಗದ್ದಲ, ಏನು ಗದ್ದಲ! ಲಕ್ಕಮ್ಮ ಮೇಷ್ಟ್ರ ಕಾಲಿಗೇ ಬಿದ್ದಳು. ಗಂಡಸರು ಟವಲು ಬೀಸಿದರು. ಯಾರೋ ಓಡಿಹೋಗಿ ಬೆಲ್ಲ ತಂದರು. ಪಿಳ್ಳಮ್ಮ ಮಾತ್ರ ಕೂತಲ್ಲೇ ಕೂತಿದ್ದಾಳೆ, ಕಣ್ಣಲ್ಲಿ ಧಾರಾಕಾರ ನೀರು, ಒರೆಸಿಕೊಳ್ಳಲೂ ತೋಚುತ್ತಿಲ್ಲ. ಶಾಲೆ ಉಳಿಯಿತು. ಇನ್ನು ಯಾರೂ ಅದನ್ನು ಒಯ್ಯುವಂತಿಲ್ಲ. ಏನು ಬೇಕು ನಿನಗೆ ಎಂದು ಮೇಷ್ಟ್ರು ಬಗ್ಗಿ ಕೇಳುತ್ತಾರೆ. “ನನ್ಗೇನ್ ಬೇಕು ಸ್ವಾಮಿ? ಅವ್ರು ಓದಕ್ಕೆ ಬರ್ತಿರ್ಲಿ, ನಾನು ಹುಳ ನೋಡ್ಕೊಂಡಿರ್ತೀನಿ. ಅಷ್ಟೇ,” ಎನ್ನುತ್ತಾಳೆ.

ಅಷ್ಟರಲ್ಲಿ ಬೇವಿನಮರದ ಕಡೆಯಿಂದ ಅಂಜಿನಮ್ಮ ಬೀದಿ ದಾಟಿ ಬರುತ್ತಿದ್ದಾಳೆ. ಜನ ದಾರಿ ಬಿಡುತ್ತಾರೆ. ಮೇಷ್ಟ್ರ ಮುಂದೆ ನಿಲ್ಲುವುದಿಲ್ಲ, ಸೊಸೆಯ ಮುಂದೆಯೂ ನಿಲ್ಲುವುದಿಲ್ಲ. ನೇರವಾಗಿ ಮೆಟ್ಟಿಲ ಬುಡಕ್ಕೆ ಬಂದು ನಿಂತು, ಐದು ತಿಂಗಳಲ್ಲಿ ಮೊದಲ ಸಲ ಪಿಳ್ಳಮ್ಮನ ಮುಖ ನೋಡುತ್ತಾಳೆ.

“ನಾಳೆಯಿಂದ ಎರಡನೇ ಪುಸ್ತಕ ಶುರು ಮಾಡ್ತಾರಂತೆ ಮೇಷ್ಟ್ರು,” ಎನ್ನುತ್ತಾಳೆ ಅಂಜಿನಮ್ಮ, ಜಗಳಕ್ಕೆ ಬಂದವಳ ಗಡಸು ದನಿಯಲ್ಲೇ. “ಸೊಸೆನೂ ಬರ್ಬೇಕು, ನಾನೂ ಬರ್ಬೇಕು. ಮನೇಲಿ ಮತ್ತೆ ಹುಳ ಇಟ್ಟಿದೀನಿ, ಎರಡನೇ ಜ್ವರ ಎದ್ದವೆ. ನಾವಿಬ್ರೂ ಇಲ್ಲಿ ಬಂದು ಕೂತ್ರೆ ಅಲ್ಲಿ ಸೊಪ್ಪು ಹಾಕೋರು ಯಾರವ್ರೆ, ಪಿಳ್ಳಕ್ಕ?”

ಪಿಳ್ಳಮ್ಮ ಎದ್ದು ನಿಲ್ಲುತ್ತಾಳೆ. ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ.

“ನಾನಿದೀನಲ್ಲಮ್ಮ.”